ಪದದ ನಡುವೆ ಸೇರುವ ಪದಾಂಶಗಳು: ತಾರಿಹಾಳ ಪರಿಸರದ ಆಡುಮಾತಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಒಂದು ಪದದಿಂದ ಮತ್ತೊಂದು ಅರ್ಥವನ್ನು ಪಡೆಯಲು ಜಗತ್ತಿನ ಭಾಷೆಗಳು ಸಾಮಾನ್ಯವಾಗಿ ಮೂರು ದಾರಿಗಳನ್ನು ಹಿಡಿಯುತ್ತವೆ. ಪದದ ಮೊದಲಿಗೆ ಒಂದು ಅಂಶವನ್ನು ಸೇರಿಸುವುದು ಮೊದಲನೆಯದು. ಕೊನೆಗೆ ಸೇರಿಸುವುದು ಎರಡನೆಯದು. ಪದವನ್ನೇ ಸೀಳಿ ಅದರ ಒಡಲೊಳಗೆ ಸೇರಿಸುವುದು ಮೂರನೆಯದು. ಮೊದಲಿನ ಎರಡನ್ನು ಉಪಸರ್ಗ, ಪ್ರತ್ಯಯ ಎಂಬ ಹೆಸರುಗಳಿಂದ ಕನ್ನಡ ವ್ಯಾಕರಣದ ಓದುಗರು ಬಲ್ಲರು. ಮೂರನೆಯದನ್ನು ಮಧ್ಯಪ್ರತ್ಯಯವೆಂದು ಕರೆಯಬಹುದು. ದ್ರಾವಿಡ ಭಾಷೆಗಳು ಪ್ರತ್ಯಯಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸುವ ಭಾಷೆಗಳಾದುದರಿಂದ ಅವುಗಳಲ್ಲಿ ಮಧ್ಯಪ್ರತ್ಯಯವಿಲ್ಲ ಎಂಬ ಒಂದು ಮಾತಿನಲ್ಲಿ ಈ ವಿಷಯವನ್ನು ಮುಗಿಸಿಬಿಡುವುದು ವಾಡಿಕೆ.

ಆ ಮಾತು ತಪ್ಪಲ್ಲ. ಆದರೆ ಅದು ಪೂರ್ಣವೂ ಅಲ್ಲ. ‘ಬಂದರು’ ಮತ್ತು ‘ಬಂದಾರ’, ‘ಮಾಡಿದ’ ಮತ್ತು ‘ಮಾಡದ’, ‘ದುಡಿದ’ ಮತ್ತು ‘ದುಡಿಸಿದ’ ಎಂಬ ಜೋಡಿಗಳನ್ನು ಕಿವಿಯಿಂದ ಕೇಳುವವನಿಗೆ ಪದದ ಮೊದಲೂ ಕೊನೆಯೂ ಹೆಚ್ಚು ಕಡಿಮೆ ಒಂದೇ. ಅರ್ಥವನ್ನು ತಿರುಗಿಸುವ ಸಂಗತಿ ನಡೆಯುವುದು ನಡುವಿನಲ್ಲಿ. ಜಾನಪದ ಪಠ್ಯಗಳನ್ನು ಬಾಯಿಂದ ಬಾಯಿಗೆ, ಬಾಯಿಂದ ಬರಹಕ್ಕೆ ಸಾಗಿಸುವ ವಿದ್ವಾಂಸನಿಗೆ ಈ ನಡುವಿನ ಅಂಶ ಮುಖ್ಯವಾಗುತ್ತದೆ. ಅದು ಅತ್ಯಂತ ಚಿಕ್ಕದು, ಆಡುವಾಗ ಸವೆಯುವಂಥದು, ಬರೆಯುವಾಗ ಸುಲಭವಾಗಿ ಕಳೆದುಹೋಗುವಂಥದು. ಕನ್ನಡದ ಪದಗಳ ನಡುವೆ ಸೇರುವ ಅಂಶಗಳು ಯಾವುವು, ಅವು ಅರ್ಥವನ್ನು ಹೇಗೆ ಬದಲಿಸುತ್ತವೆ, ಪಠ್ಯಸಂಪಾದನೆಯಲ್ಲಿ ಅವುಗಳಿಂದ ಹುಟ್ಟುವ ಸಮಸ್ಯೆಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಉದಾಹರಣೆಗಳಿಗೆ ಹುಬ್ಬಳ್ಳಿಯ ಅಂಚಿನ ತಾರಿಹಾಳ ಪರಿಸರದ ಆಡುಮಾತನ್ನು ಆಧಾರವಾಗಿಟ್ಟುಕೊಳ್ಳಲಾಗಿದೆ. ಇದು ತಾರಿಹಾಳಕ್ಕೆ ಮಾತ್ರ ಸೀಮಿತವಾದ ನುಡಿಯಲ್ಲ. ಧಾರವಾಡ ಕನ್ನಡವೆಂದು ಹೆಸರಾದ ವಿಶಾಲ ಪ್ರಭೇದದ ಒಂದು ಭಾಗ. ಆದರೂ ತಾರಿಹಾಳದ ಆಯ್ಕೆಗೆ ಕಾರಣವಿದೆ. ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ 1962ರಲ್ಲಿ ರೂಪುಗೊಂಡ ತರುವಾಯ ಬೆಳೆದ ಅವಳಿ ನಗರದ ಸೆರಗಿನಲ್ಲಿ ಈ ಊರಿದೆ. ಹೊರಗಿನವರು ಇದನ್ನು ಕೈಗಾರಿಕಾ ಪ್ರದೇಶದ ಹೆಸರಾಗಿ ಬಲ್ಲರು. ಬಿತ್ತುವ, ಕೊಯ್ಯುವ ಮಾತೂ ದುಡಿಯುವ, ದುಡಿಸುವ ಮಾತೂ ಒಂದೆಡೆ ಸೇರುವ ಇಂಥ ಊರಿನಲ್ಲಿ ಕ್ರಿಯಾಪದದ ನಡುವಿನ ಒಂದು ಸಣ್ಣ ಅಂಶ ಎಷ್ಟು ಹೊರೆಯನ್ನು ಹೊರುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

1. ನಿಜವಾದ ಮಧ್ಯಪ್ರತ್ಯಯದ ಸ್ವರೂಪ

ಧಾತುವಿಗೂ ಅದರ ಕೊನೆಯ ಪ್ರತ್ಯಯಕ್ಕೂ ನಡುವೆ ಸೇರುವ ಅಂಶ ಬೇರೆ, ಧಾತುವನ್ನೇ ಸೀಳಿ ಒಳಹೊಗುವ ಅಂಶ ಬೇರೆ. ಎರಡನೆಯದು ಮಾತ್ರ ಕಟ್ಟುನಿಟ್ಟಾದ ಅರ್ಥದಲ್ಲಿ ಮಧ್ಯಪ್ರತ್ಯಯ. ಫಿಲಿಪ್ಪೀನ್ಸ್ ದೇಶದ ಟಗಲಾಗ್ ಭಾಷೆಯಲ್ಲಿ ‘ಸುಲಾತ್’ ಎಂದರೆ ಬರಹ. ಅದರ ಮೊದಲ ವ್ಯಂಜನದ ಬೆನ್ನಿಗೆ ‘ಉಮ್’ ಸೇರಿದರೆ ‘ಸುಮುಲಾತ್’. ಬರೆದವನ ಮೇಲೆ ಒತ್ತು ಬೀಳುವ ಕ್ರಿಯಾರೂಪ. ಅದೇ ಸ್ಥಾನದಲ್ಲಿ ‘ಇನ್’ ಸೇರಿದರೆ ‘ಸಿನುಲಾತ್’. ಬರೆಯಲಾದ ವಸ್ತುವಿನ ಮೇಲೆ ಒತ್ತು. ಭಾರತದೊಳಗೆ ಇದಕ್ಕೆ ನಿದರ್ಶನ ಬೇಕಾದರೆ ಜಾರ್ಖಂಡ ಪ್ರದೇಶದ ಮುಂಡಾರಿ ಭಾಷೆಯನ್ನು ನೋಡಬಹುದು. ಅಲ್ಲಿ ‘ದಲ್’ ಎಂದರೆ ಹೊಡೆ; ನಡುವೆ ಪಕಾರ ಸೇರಿ ‘ದಪಲ್’ ಆದರೆ ಒಬ್ಬರನ್ನೊಬ್ಬರು ಹೊಡೆದಾಡು. ‘ದುಬ್’ ಎಂದರೆ ಕುಳಿತುಕೊ. ನಡುವೆ ನಕಾರ ಸೇರಿ ‘ದುನುಬ್’ ಆದರೆ ಜನ ಕೂಡಿ ಕುಳಿತ ಸಭೆ.

ಸಂಸ್ಕೃತ ವ್ಯಾಕರಣಕ್ಕೂ ಈ ಬಗೆ ಅಪರಿಚಿತವಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ರುಧಾದಿ ಗಣದ ಧಾತುಗಳಿಗೆ ‘ಶ್ನಮ್’ ಎಂಬ ವಿಕರಣವನ್ನು ವಿಧಿಸಲಾಗಿದೆ. ಮಕಾರವನ್ನು ಗುರುತಾಗಿ ಹೊತ್ತ ಅಂಶವು ಧಾತುವಿನ ಕೊನೆಯ ಸ್ವರದ ಬೆನ್ನಿಗೇ ಕೂಡಬೇಕೆಂಬ ನಿಯಮವೂ ಅಲ್ಲಿದೆ. ಹೀಗಾಗಿ ‘ಭಿದ್’ ಧಾತುವಿನಿಂದ ‘ಭಿನತ್ತಿ’, ‘ರುಧ್’ ಧಾತುವಿನಿಂದ ‘ರುಣದ್ಧಿ’ ಎಂಬ ರೂಪಗಳು ಬರುತ್ತವೆ. ‘ಸಿಚ್’ ಧಾತುವಿನ ಒಳಗೆ ಇಂಥದೇ ಅನುನಾಸಿಕ ಸೇರಿ ಆದ ‘ಸಿಂಚನ’ವನ್ನು ಕನ್ನಡ ಎರವಲು ಪಡೆದಿದೆ, ಅನುನಾಸಿಕವಿಲ್ಲದ ‘ಸೇಚನ’ವೂ ನಿಘಂಟುಗಳಲ್ಲಿ ಉಂಟು. ಈ ಎರಡರ ಅರ್ಥ ಒಂದೇ. ಇಲ್ಲಿಯ ಸೇರ್ಪಡೆ ರೂಪವನ್ನು ಬದಲಿಸಿತೇ ಹೊರತು ಅರ್ಥವನ್ನಲ್ಲ.

ಅರ್ಥವನ್ನೇ ಬದಲಿಸುವ ಸೇರ್ಪಡೆಯನ್ನೂ ಪಾಣಿನಿ ಹೇಳಿದ್ದಾನೆ. ಅವ್ಯಯ ಮತ್ತು ಸರ್ವನಾಮಗಳ ಕೊನೆಯ ಸ್ವರಭಾಗಕ್ಕೆ ಮುನ್ನ ‘ಅಕಚ್’ ಎಂಬ ಅಂಶ ಸೇರಿ ‘ಉಚ್ಚೈಃ’ ಎಂಬುದು ‘ಉಚ್ಚಕೈಃ’ ಎಂದೂ ‘ಸರ್ವೇ’ ಎಂಬುದು ‘ಸರ್ವಕೇ’ ಎಂದೂ ಆಗುತ್ತದೆ. ಇಂಥ ರೂಪಗಳಿಗೆ ಅಪರಿಚಿತತೆ, ಹೀನಾಯ, ಅನುಕಂಪ ಮೊದಲಾದ ಛಾಯೆಗಳಿವೆ. ಆಡುವವನ ಮನೋಭಾವವನ್ನು ಪದದ ಒಡಲೊಳಗೆ ಇಡುವ ಒಂದು ಬಗೆ ಇದು.

ಕನ್ನಡ ಧಾತು ಹೀಗೆ ಸೀಳಿಸಿಕೊಳ್ಳುವುದಿಲ್ಲ. ‘ಮಾಡ್’, ‘ಬಿತ್ತ್’, ‘ದುಡಿ’ ಎಂಬ ಧಾತುಗಳು ಎಷ್ಟೇ ಪ್ರತ್ಯಯಗಳನ್ನು ಹೊತ್ತರೂ ತಮ್ಮ ಒಡಲೊಳಗೆ ಮತ್ತೊಂದಕ್ಕೆ ಜಾಗ ಕೊಡುವುದಿಲ್ಲ. ಜಾಗವಿರುವುದು ಧಾತುವಿಗೂ ಪುರುಷ-ವಚನಗಳನ್ನು ಹೇಳುವ ಕೊನೆಯ ಪ್ರತ್ಯಯಕ್ಕೂ ನಡುವೆ. ಈ ನಡುಜಾಗದಲ್ಲಿ ಕೂಡುವ ಅಂಶಗಳನ್ನು ‘ಮಧ್ಯಸ್ಥ ಪದಾಂಶ’ಗಳೆಂದು ಕರೆದರೆ ಗೊಂದಲ ಉಳಿಯುವುದಿಲ್ಲ.

2. ನಾಮಪದದ ನಡುವೆ: ಆಗಮಗಳು

ಪದಗಳ ನಡುವೆ ಹೊಸದಾಗಿ ಬಂದು ಕೂಡುವ ಅಕ್ಷರವನ್ನು ಕನ್ನಡ ವ್ಯಾಕರಣ ಪರಂಪರೆ ‘ಆಗಮ’ವೆಂದು ಗುರುತಿಸಿದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ 1604ರ ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನದವರೆಗೆ, ಅಲ್ಲಿಂದ ಇಂದಿನ ಶಾಲಾ ವ್ಯಾಕರಣಗಳವರೆಗೆ ಈ ಪರಿಭಾಷೆ ನಡೆದುಬಂದಿದೆ. ಯಕಾರ ವಕಾರಗಳ ಆಗಮ ಉಚ್ಚಾರದ ಅನುಕೂಲಕ್ಕಾಗಿ ಬರುವಂಥದು. ‘ಮನೆಯನ್ನು’, ‘ಗುರುವನ್ನು’ ಎಂಬಲ್ಲಿಯ ಯ, ವಗಳಿಗೆ ಸ್ವಂತ ಅರ್ಥವಿಲ್ಲ.

ವಿಭಕ್ತಿ ಪ್ರತ್ಯಯಕ್ಕೆ ಮುನ್ನ ಬರುವ ದಕಾರ, ನಕಾರಗಳ ವಿಷಯ ಹಾಗಲ್ಲ. ‘ಮರದ’, ‘ಹೊಲದ’ ಎಂಬಲ್ಲಿ ದಕಾರ. ‘ಅರಸನ’, ‘ಅಣ್ಣನ’ ಎಂಬಲ್ಲಿ ನಕಾರ. ಇವೂ ಆಗಮಗಳೆಂದೇ ಪಾಠವಾಗುತ್ತವೆ. ಆದರೆ ಅಕಾರದಲ್ಲಿ ಕೊನೆಗೊಳ್ಳುವ ಪದವೊಂದು ಮನುಷ್ಯನನ್ನು ಹೇಳುತ್ತದೆಯೋ ವಸ್ತುವನ್ನು ಹೇಳುತ್ತದೆಯೋ ಎಂಬ ಲಿಂಗಭೇದವನ್ನು ಈ ಅಕ್ಷರಗಳು ಬಿಟ್ಟುಕೊಡುತ್ತವೆ. ಊರ ಹೆಸರೇ ಮನೆತನದ ಅಡ್ಡಹೆಸರಾಗುವ ಉತ್ತರ ಕರ್ನಾಟಕದಲ್ಲಿ ಇದಕ್ಕೆ ನಿತ್ಯದ ಬಳಕೆಯೇ ಸಾಕ್ಷಿ. ‘ತಾರಿಹಾಳದ ಹೊಲ’ ಎಂದರೆ ಆ ಊರಿನ ಸೀಮೆಯ ಹೊಲ. ‘ತಾರಿಹಾಳರ ಹೊಲ’ ಎಂದರೆ ತಾರಿಹಾಳ ಎಂಬ ಅಡ್ಡಹೆಸರಿನ ಮನೆತನದವರ ಹೊಲ. ಅದು ಬೇರೆ ಯಾವ ಊರಿನಲ್ಲಿಯೂ ಇರಬಹುದು. ಸಲಿಗೆಯಲ್ಲಿ ‘ತಾರಿಹಾಳನ ಹೊಲ’ ಎಂದರೆ ಆ ಅಡ್ಡಹೆಸರಿನ ಒಬ್ಬನ ಹೊಲ. ಹೆಸರು ಒಂದೇ, ದ, ರ, ನ ಎಂಬ ಒಂದೊಂದೇ ಅಕ್ಷರ ಊರನ್ನು, ಕುಲವನ್ನು, ವ್ಯಕ್ತಿಯನ್ನು ಬೇರ್ಪಡಿಸುತ್ತದೆ. ಸ್ಥಳನಾಮಗಳನ್ನೂ ಮನೆತನಗಳ ಮೌಖಿಕ ಚರಿತ್ರೆಯನ್ನೂ ಸಂಗ್ರಹಿಸುವವರು ಈ ಅಕ್ಷರವನ್ನು ಅರ್ಥಹೀನ ಆಗಮವೆಂದು ಕಡೆಗಣಿಸುವಂತಿಲ್ಲ.

3. ಯಾರ ಕೈಯ ಕೆಲಸ: ‘ಇಸು’ ಮತ್ತು ‘ಕೊಳ್’

ಕ್ರಿಯಾಪದದ ನಡುವೆ ಸೇರುವ ಅಂಶಗಳಲ್ಲಿ ಅರ್ಥದ ದೃಷ್ಟಿಯಿಂದ ಅತಿ ಪ್ರಬಲವಾದುದು ಪ್ರೇರಣೆಯ ‘ಇಸು’. ‘ಕಲಿ’ ಎಂಬುದು ‘ಕಲಿಸು’ ಆದಾಗ ಶಿಷ್ಯನ ಕ್ರಿಯೆ ಗುರುವಿನ ಕ್ರಿಯೆಯಾಗುತ್ತದೆ. ‘ಉಣ್’ ಎಂಬುದು ‘ಉಣಿಸು’ ಆದಾಗ ತುತ್ತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ‘ಕಾಣು’, ‘ಕೇಳು’ ಎಂಬ ಇಂದ್ರಿಯಕ್ರಿಯೆಗಳಲ್ಲಿ ಮಾತ್ರ ಇದರ ನಡೆ ಬೇರೆ. ‘ಕಾಣಿಸಿತು’, ‘ಕೇಳಿಸಿತು’ ಎಂದರೆ ಸಾಮಾನ್ಯವಾಗಿ ಕಣ್ಣಿಗೆ ಬಿತ್ತು, ಕಿವಿಗೆ ಬಿತ್ತು ಎಂದೇ ಅರ್ಥ; ಅಲ್ಲಿ ಇನ್ನೊಬ್ಬರನ್ನು ಪ್ರೇರಿಸುವ ಮಾತಿಲ್ಲ.

ಶ್ರವಣಬೆಳಗೊಳದ ಗೊಮ್ಮಟ ವಿಗ್ರಹದ ಪಾದದ ಬಳಿಯ ಬರಹಗಳು ಈ ಅಂಶದ ಮಹತ್ವಕ್ಕೆ ಪ್ರಸಿದ್ಧ ನಿದರ್ಶನ. ಸುಮಾರು ಕ್ರಿ.ಶ. 981ರಲ್ಲಿ ನಿಂತ ಆ ವಿಗ್ರಹವನ್ನು ಕುರಿತು ಕನ್ನಡದ ಸಾಲು ಚಾವುಂಡರಾಜನು ‘ಮಾಡಿಸಿದಂ’ ಎನ್ನುತ್ತದೆ, ‘ಮಾಡಿದಂ’ ಎನ್ನುವುದಿಲ್ಲ. ಅಲ್ಲಿಯ ತಮಿಳು ಸಾಲಿನ ‘ಸೆಯ್ವಿತ್ತಾನ್’ ಎಂಬಲ್ಲಿ ‘ವಿ’ ಎಂಬ ಅಂಶವೂ, ಮರಾಠಿ ಸಾಲಿನ ‘ಕರವಿಯಲೇಂ’ ಎಂಬಲ್ಲಿ ‘ಅವಿ’ ಎಂಬ ಅಂಶವೂ ಇದೇ ಕೆಲಸವನ್ನು ಮಾಡುತ್ತವೆ. ಮೂರು ಭಾಷೆಗಳಲ್ಲಿಯೂ ಧಾತುವಿಗೂ ಕೊನೆಯ ಪ್ರತ್ಯಯಕ್ಕೂ ನಡುವಿನ ಒಂದು ಚಿಕ್ಕ ಅಂಶ ಆಜ್ಞೆಯಿತ್ತವನನ್ನೂ ಉಳಿ ಹಿಡಿದವನನ್ನೂ ಬೇರೆ ಮಾಡಿದೆ. ಕೆರೆ ‘ಕಟ್ಟಿಸಿದ’ವರ ಹೆಸರನ್ನು ಶಾಸನಗಳು ಧಾರಾಳವಾಗಿ ಹೇಳುತ್ತವೆ, ‘ಕಟ್ಟಿದ’ವರ ಹೆಸರು ವಿರಳ. ಜಾನಪದ ವಿದ್ವಾಂಸನ ಕಣ್ಣು ಈ ‘ಇಸು’ವಿನ ಹಿಂದೆ ಮರೆಯಾದ ಕೈಗಳ ಮೇಲಿರಬೇಕಾಗುತ್ತದೆ.

ಎರಡನೆಯ ಅಂಶ ‘ಕೊಳ್’. ಚಾರಿತ್ರಿಕವಾಗಿ ಇದು ಸ್ವತಂತ್ರ ಧಾತು. ಸಹಾಯಕ ಕ್ರಿಯಾಪದವಾಗಿ ಸೇರಿದಾಗ ಕ್ರಿಯೆಯ ಫಲ ಮಾಡಿದವನಿಗೇ ಸಲ್ಲುತ್ತದೆ ಎಂಬ ಅರ್ಥವನ್ನು ಕೊಡುತ್ತದೆ. ಆಡುಮಾತಿನಲ್ಲಿ ಇದು ಸವೆದು ಹಿಂದಿನ ಧಾತುವಿಗೆ ಅಂಟಿಕೊಂಡಿರುವುದರಿಂದ ಕಿವಿಗೆ ಒಂದೇ ಪದವಾಗಿ ಕೇಳುತ್ತದೆ. ತಾರಿಹಾಳ ಪರಿಸರದ ಬೇಸಾಯದ ಮಾತಿನಲ್ಲಿ ಈ ರೂಪಗಳನ್ನು ಸಾಲಾಗಿ ಇಟ್ಟು ನೋಡಬಹುದು. ‘ಬಿತ್ಯಾನ’ ಎಂದರೆ ಅವನೇ ಬಿತ್ತಿದ್ದಾನೆ. ‘ಬಿತ್ತಿಸ್ಯಾನ’ ಎಂದರೆ ಆಳಿನಿಂದ ಬಿತ್ತಿಸಿದ್ದಾನೆ. ‘ಬಿತ್ತಕೊಂಡಾನ’ ಎಂದರೆ ತನ್ನ ಪಾಲಿಗೆ ತಾನು ಬಿತ್ತಿದ್ದಾನೆ. ‘ಬಿತ್ತಿಸ್ಕೊಂಡಾನ’ ಎಂದರೆ ಬೇರೆಯವರ ಕೈಯಿಂದ ತನ್ನ ಪಾಲಿಗೆ ಬಿತ್ತಿಸಿದ್ದಾನೆ. ಹೊಲದಿಂದ ಕಾರ್ಖಾನೆಯ ಕಡೆಗೆ ಸರಿದರೆ ಇದೇ ಚೌಕಟ್ಟು ಇನ್ನಷ್ಟು ಹರಿತವಾಗುತ್ತದೆ: ‘ದುಡಿಯಾಂವ’, ‘ದುಡಿಸಾಂವ’, ‘ದುಡಿಸ್ಕೊಳ್ಳಾಂವ’. ಮೊದಲನೆಯವನು ಶ್ರಮಿಕ, ಎರಡನೆಯವನು ಮೇಲ್ವಿಚಾರಕ, ಮೂರನೆಯವನು ಫಲ ಉಣ್ಣುವವನು. ಸಮಾಜಶಾಸ್ತ್ರ ಮೂರು ಪರಿಭಾಷೆಗಳಲ್ಲಿ ಹೇಳುವ ಸಂಬಂಧವನ್ನು ಆಡುಮಾತು ಒಂದೇ ಧಾತುವಿನ ನಡುವೆ ಎರಡು ಅಂಶಗಳನ್ನು ಸೇರಿಸಿ ಹೇಳುತ್ತದೆ.

ಈ ಎರಡೂ ಅಂಶಗಳು ಕೂಡಿ ಧಾತುವಿನ ಅರ್ಥವನ್ನು ತಲೆಕೆಳಗು ಮಾಡಿದ ಉದಾಹರಣೆಯೊಂದು ಎಲ್ಲರಿಗೂ ಪರಿಚಿತವಾದ ಗಾದೆಯೊಳಗಿದೆ: ‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.’ ಇಲ್ಲಿಯ ‘ಇಸಕೊಂಡವ’ ಎಂಬುದರ ಮೂಲ ರೂಪ ‘ಈಸಿಕೊಂಡವ’. ಅದರ ಧಾತು ‘ಈ’, ಅಂದರೆ ಕೊಡು. ಅದಕ್ಕೆ ‘ಇಸು’ ಸೇರಿ ಕೊಡುವಂತೆ ಮಾಡು ಎಂದಾಯಿತು. ಅದಕ್ಕೆ ‘ಕೊಳ್’ ಸೇರಿ ತನಗೆ ಕೊಡುವಂತೆ ಮಾಡಿಕೊ, ಅಂದರೆ ಪಡೆದುಕೊ ಎಂದಾಯಿತು. ಕೊಡು ಎಂಬ ಧಾತುವೇ ಪಡೆ ಎಂಬ ಅರ್ಥಕ್ಕೆ ತಿರುಗಿತು. ಗಾದೆಯ ಎರಡು ಭಾಗಗಳಲ್ಲಿ ಎದುರುಬದುರು ನಿಂತ ಕೊಟ್ಟವನೂ ಇಸಕೊಂಡವನೂ ಒಂದೇ ಅರ್ಥದ ಧಾತುಗಳಿಂದ ಹುಟ್ಟಿದವರು. ಧಾತುವು ಇಂದು ಒಂದು ಹ್ರಸ್ವ ಇಕಾರವಾಗಿ ಸವೆದುಹೋಗಿರುವುದರಿಂದ ಆಡುವವರಿಗೆ ಈ ಸಂಬಂಧದ ಅರಿವಿಲ್ಲ. ಸೇರಿದ ಅಂಶಗಳೇ ಈಗ ಪದದ ಒಡಲಾಗಿ ನಿಂತಿವೆ.

4. ಕಾಲ ಮತ್ತು ನಿಷೇಧ: ಒಂದು ಸ್ಥಾನಕ್ಕೆ ಇಬ್ಬರು ಹಕ್ಕುದಾರರು

ಶಾಲಾ ವ್ಯಾಕರಣವು ಧಾತುವಿಗೂ ಆಖ್ಯಾತ ಪ್ರತ್ಯಯಕ್ಕೂ ನಡುವೆ ಕಾಲಸೂಚಕ ಪ್ರತ್ಯಯಗಳು ಬರುತ್ತವೆ ಎಂದು ಕಲಿಸುತ್ತದೆ. ವರ್ತಮಾನಕ್ಕೆ ‘ಉತ್ತ’, ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’. ಹಳೆಯ ನಿಷೇಧರೂಪಗಳಲ್ಲಿ ಈ ಸ್ಥಾನ ಖಾಲಿಯಾಗಿದೆ ಅಥವಾ ನಿಷೇಧದ ಅಕಾರಕ್ಕೆ ಸಂದಿದೆ. ‘ಮಾಡೆನು’, ‘ಮಾಡನು’ ಎಂಬ ರೂಪಗಳು ಮೂರು ಕಾಲಗಳಿಗೂ ಸಲ್ಲುವುದಕ್ಕೆ ಇದೇ ಕಾರಣ. ನಿಷೇಧ ಬಂದು ಕುಳಿತರೆ ಕಾಲಕ್ಕೆ 그 ಸ್ಥಾನವಿಲ್ಲ.

ಕೃದಂತ ರೂಪಗಳಲ್ಲಿ ಈ ಸ್ಪರ್ಧೆ ಒಂದು ಸ್ವರದ ಅಂತರಕ್ಕೆ ಇಳಿಯುತ್ತದೆ. ‘ಮಾಡಿದ ಕೆಲಸ’, ‘ಮಾಡದ ಕೆಲಸ’; ‘ಹೇಳಿದ ಮಾತು’, ‘ಹೇಳದ ಮಾತು’. ಬರಹದಲ್ಲಿ ಒಂದು ಗುಡಿಸು ಇದೆಯೋ ಇಲ್ಲವೋ ಎಂಬಷ್ಟೇ ವ್ಯತ್ಯಾಸ. ಅರ್ಥದಲ್ಲಿ ಹೌದು ಅಲ್ಲಗಳ ವ್ಯತ್ಯಾಸ. ಪದದ ನಡುವಿನ ಹ್ರಸ್ವ ಇಕಾರ ಆಡುಮಾತಿನಲ್ಲಿ ಸವೆಯುವ ಪ್ರವೃತ್ತಿಯುಳ್ಳದ್ದು. ಹಾಗೆ ಸವೆದರೆ ಎರಡು ರೂಪಗಳು ಬಹಳ ಹತ್ತಿರ ಬರುತ್ತವೆ. ಧಾರವಾಡ ಕನ್ನಡವು ನಿಷೇಧಕ್ಕೆ ಹೆಚ್ಚು ದಪ್ಪನಾದ ಅಂಶವನ್ನು ಆರಿಸಿಕೊಂಡಿರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ‘ಹೇಳದೆ ಹೋದ’ ಎನ್ನಬೇಕಾದಲ್ಲಿ ಇಲ್ಲಿಯ ಜನ ‘ಹೇಳಲಾರದ ಹೋದ’ ಎನ್ನುತ್ತಾರೆ; ‘ಉಣ್ಣದೆ ಮಲಗಿದ್ದಾನೆ’ ಎನ್ನಬೇಕಾದಲ್ಲಿ ‘ಉಣಲಾರದ ಮಲಗ್ಯಾನ’ ಎನ್ನುತ್ತಾರೆ. ಗ್ರಂಥಭಾಷೆಯಲ್ಲಿ ಅಸಾಮರ್ಥ್ಯವನ್ನು ಹೇಳುವ ‘ಲಾರ’ ಇಲ್ಲಿ ಬರಿಯ ನಿಷೇಧವನ್ನು ಹೇಳುತ್ತಿದೆ. ಹಾಗೆಂದು ಅಸಾಮರ್ಥ್ಯದ ಅರ್ಥ ಅಳಿದಿಲ್ಲ. ‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯಲ್ಲಿ ಆ ಅರ್ಥವೇ ಜೀವಾಳ. ಯಾವ ಅರ್ಥ ಎಂಬುದನ್ನು ಸಂದರ್ಭವೇ ನಿರ್ಣಯಿಸಬೇಕು.

ನಿಷೇಧದ ಮತ್ತೊಂದು ಅಂಶ ‘ಒಲ್’ ಧಾತುವಿನಿಂದ ಬಂದದ್ದು. ‘ಅಂವ ಬರವಲ್ಲ’ ಎಂದರೆ ಬರಬೇಕಾದವನು ಬರುತ್ತಿಲ್ಲ. ಮೂಲದಲ್ಲಿ ಇಚ್ಛೆಯಿಲ್ಲದಿರುವುದನ್ನು ಹೇಳುವ ಈ ಅಂಶ ಇಚ್ಛೆಯೇ ಇಲ್ಲದ ಮಳೆಗೂ ಸಲ್ಲುತ್ತದೆ: ‘ಮಳಿ ಬರವಲ್ದು.’ ‘ಮಳೆ ಬರುತ್ತಿಲ್ಲ’ ಎಂಬ ಶಿಷ್ಟ ವಾಕ್ಯದಲ್ಲಿ ವರದಿ ಮಾತ್ರವಿದೆ. ಆಡುಮಾತಿನ ವಾಕ್ಯದಲ್ಲಿ ಕಾಯುವವನ ನಿರೀಕ್ಷೆಯೂ ಸೇರಿದೆ. ಮುಗಿಲನ್ನು ನೋಡುತ್ತ ಕುಳಿತ ಬೇಸಾಯಗಾರನ ಮಾತಿನಲ್ಲಿ ಈ ಎರಡೂ ಒಂದೇ ಅಲ್ಲ.

ಭೂತಕಾಲದ ರೂಪಗಳಲ್ಲಿ ಸೇರುವ ದೀರ್ಘ ಆಕಾರವೂ ಗಮನಾರ್ಹ. ‘ಬಂದರು’ ಎಂದರೆ ಬಂದರು. ‘ಬಂದಾರ’ ಎಂದರೆ ಬಂದಿದ್ದಾರೆ, ಈಗ ಇಲ್ಲಿದ್ದಾರೆ. ‘ಮಾಡಿದ’ ಎಂದರೆ ಮಾಡಿದನು. ‘ಮಾಡ್ಯಾನ’ ಎಂದರೆ ಮಾಡಿದ್ದಾನೆ. ಕಾಲಪ್ರತ್ಯಯಕ್ಕೂ ಪುರುಷಪ್ರತ್ಯಯಕ್ಕೂ ನಡುವಿನ ಈ ಆಕಾರ ಮುಗಿದ ಕ್ರಿಯೆಯ ಫಲವನ್ನು ವರ್ತಮಾನಕ್ಕೆ ತಂದು ನಿಲ್ಲಿಸುತ್ತದೆ.

5. ಮೊದಲಕ್ಷರದ ಮರುಕಳಿಕೆ

ತೀವ್ರತೆಯನ್ನು ಹೇಳುವ ಒಂದು ಪದವರ್ಗವೂ ಹೊರನೋಟಕ್ಕೆ ನಡುವಿನ ಸೇರ್ಪಡೆಯಂತೆ ಕಾಣುತ್ತದೆ. ಕಡೆಯಿಂದ ಕಟ್ಟಕಡೆ, ನಡುವಿನಿಂದ ನಟ್ಟನಡು, ತುದಿಯಿಂದ ತುತ್ತತುದಿ, ಮೊದಲಿನಿಂದ ಮೊತ್ತಮೊದಲು, ಬಯಲಿನಿಂದ ಬಟ್ಟಬಯಲು, ಹೊಸದರಿಂದ ಹೊಚ್ಚಹೊಸದು. ವ್ಯಾಕರಣಗಳು ಇವನ್ನು ದ್ವಿರುಕ್ತಿಯ ಪ್ರಕರಣದಲ್ಲಿ ಇರಿಸುತ್ತವೆ. ಅದು ಸರಿಯಾದ ಸ್ಥಾನ. ಇಲ್ಲಿ ಪದ ಎರಡು ಬಾರಿ ಬಂದಿದೆ, ಆದರೆ ಮೊದಲ ಬಾರಿ ಪೂರ್ಣವಾಗಿ ಬಂದಿಲ್ಲ. ಮೊದಲಕ್ಷರ ಉಳಿದು, ಎರಡನೆಯ ವ್ಯಂಜನ ಒತ್ತಕ್ಷರವಾಗಿ ಬಿಗಿಗೊಂಡಿದೆ. ಡಕಾರವಿದ್ದಲ್ಲಿ ಟ್ಟ, ದಕಾರವಿದ್ದಲ್ಲಿ ತ್ತ, ಸಕಾರವಿದ್ದಲ್ಲಿ ಚ್ಚ ಬಂದಿರುವುದು ಇದನ್ನು ತೋರಿಸುತ್ತದೆ. ‘ಬಟ್ಟಬಯಲು’ ಮಾತ್ರ ಈ ಕ್ರಮಕ್ಕೆ ಹೊರತು. ‘ಕಗ್ಗತ್ತಲೆ’, ‘ಕಗ್ಗಂಟು’ ಮೊದಲಾದವು ನೋಡಲು ಇವುಗಳಂತೆ ಇದ್ದರೂ ‘ಕಡು’ ಎಂಬ ವಿಶೇಷಣ ಸೇರಿ ಆದ ಸಮಾಸಗಳು. ರೂಪಸಾಮ್ಯವನ್ನು ನಂಬಿ ಎರಡನ್ನೂ ಒಂದೇ ವರ್ಗಕ್ಕೆ ಸೇರಿಸಬಾರದು.

6. ಧಾತುವನ್ನೂ ಸೀಳುವ ಆಟ: ಮಕ್ಕಳ ಕ-ಭಾಷೆ

ವ್ಯಾಕರಣ ಮುಟ್ಟದ ಧಾತುವಿನ ಒಡಲನ್ನು ಮಕ್ಕಳ ಆಟವೊಂದು ಮುಟ್ಟುತ್ತದೆ. ಪ್ರತಿ ಅಕ್ಷರದ ಮುಂಚೆ ಒಂದು ಕಕಾರವನ್ನು ಸೇರಿಸಿ ಆಡುವ ‘ಕ-ಭಾಷೆ’ ಕನ್ನಡದ ಮಕ್ಕಳಲ್ಲಿ ಬಳಕೆಯಲ್ಲಿರುವ ಗುಟ್ಟುಮಾತು. ‘ನೀ ಬಾ’ ಎಂಬುದು ‘ಕನೀ ಕಬಾ’ ಆಗುತ್ತದೆ. ‘ಮನಿ’ ಎಂಬುದು ‘ಕಮಕನಿ’ ಆಗುತ್ತದೆ. ನೆರೆಯ ತೆಲುಗಿನಲ್ಲಿ ಇಂಥದೇ ಕ-ಭಾಷೆಯೂ, ಮರಾಠಿಯಲ್ಲಿ ಅಕ್ಷರಗಳನ್ನು ಸ್ಥಾನಪಲ್ಲಟಗೊಳಿಸುವ ಚ-ಭಾಷೆಯೂ ಉಂಟು. ಮಾತನ್ನು ಮರೆಮಾಚುವ ಕಲೆಗೆ ಭಾರತದಲ್ಲಿ ದೀರ್ಘ ಇತಿಹಾಸವಿದೆ. ವಾತ್ಸ್ಯಾಯನನ ಕಾಮಸೂತ್ರದ 64 ಕಲೆಗಳ ಪಟ್ಟಿಯಲ್ಲಿ ‘ಮ್ಲೇಚ್ಛಿತವಿಕಲ್ಪ’ವೆಂಬ ಹೆಸರಿನಲ್ಲಿ ಗುಟ್ಟುಮಾತಿನ ಜ್ಞಾನವೂ ಸೇರಿದೆ.

‘ಮಾಡಿಸಿದ’ ಎಂಬ ಪದವನ್ನು ಈ ಆಟಕ್ಕೆ ಒಡ್ಡಿದರೆ ‘ಕಮಾಕಡಿಕಸಿಕದ’ ಆಗುತ್ತದೆ. ‘ಮಾಡ್’ ಎಂಬ ಧಾತು ಎರಡಾಗಿ ಒಡೆದಿದೆ. ‘ಇಸ್’ ಎಂಬ ಅಂಶವೂ ಒಡೆದಿದೆ. ಆಟಕ್ಕೆ ಧಾತುವೂ ಗೊತ್ತಿಲ್ಲ, ಪ್ರತ್ಯಯವೂ ಗೊತ್ತಿಲ್ಲ. ಗೊತ್ತಿರುವುದು ಅಕ್ಷರ ಮಾತ್ರ. ಇಷ್ಟೆಲ್ಲ ಸೀಳಿದರೂ ಪದದ ಅರ್ಥ ಮಾತ್ರ ಕದಲುವುದಿಲ್ಲ. ವ್ಯಾಕರಣದ ಸೇರ್ಪಡೆ ಧಾತುವನ್ನು ಮುಟ್ಟದೆ ಅರ್ಥವನ್ನು ಬದಲಿಸುತ್ತದೆ. ಆಟದ ಸೇರ್ಪಡೆ ಧಾತುವನ್ನು ಸೀಳಿಯೂ ಅರ್ಥವನ್ನು ಹಾಗೆಯೇ ಬಿಡುತ್ತದೆ. ಆಟದಲ್ಲಿ ಬದಲಾಗುವುದು ಆ ಮಾತನ್ನು ತಿಳಿಯಬಲ್ಲವರ ಗುಂಪು. ಗುಟ್ಟು ಬಲ್ಲ ಗೆಳೆಯರು ಒಳಗೆ, ದೊಡ್ಡವರೂ ಪರಕೀಯರೂ ಹೊರಗೆ. ಆದುದರಿಂದ ಇದರ ಅರ್ಥ ಸಾಮಾಜಿಕವಾದುದು.

ಈ ಆಟ ಸಂಶೋಧಕನಿಗೆ ಮತ್ತೊಂದು ಉಪಯುಕ್ತ ಸುಳಿವನ್ನು ಕೊಡುತ್ತದೆ. ‘ಬರ್ತೀನಿ’ ಎಂಬ ಪದವನ್ನು ‘ಕಬರ್-ಕತೀ-ಕನಿ’ ಎಂದು ಒಡೆಯಬಹುದು; ‘ಕಬ-ಕರ್ತೀ-ಕನಿ’ ಎಂದೂ ಒಡೆಯಬಹುದು. ಮೊದಲನೆಯದು ಉಸಿರಿನ ಗಣಗಳನ್ನು ಅನುಸರಿಸುತ್ತದೆ. ಎರಡನೆಯದು ಲಿಪಿಯ ಅಕ್ಷರವನ್ನು ಅನುಸರಿಸುತ್ತದೆ. ಆಡುವ ಮಗು ಕಿವಿಯಿಂದ ಪದವನ್ನು ಒಡೆಯುತ್ತಿದೆಯೋ, ಕಲಿತ ಬರಹದಿಂದ ಒಡೆಯುತ್ತಿದೆಯೋ ಎಂಬುದನ್ನು ಒತ್ತಕ್ಷರದ ಪದಗಳು ಬಯಲುಮಾಡುತ್ತವೆ. ಇಂಥ ಆಟಗಳನ್ನು ದಾಖಲಿಸುವಾಗ ನಿಯಮವನ್ನು ಒಂದು ಸಾಲಿನಲ್ಲಿ ಬರೆದರೆ ಸಾಲದು. ‘ಅಕ್ಕ’, ‘ಅಣ್ಣ’, ‘ಬರ್ತೀನಿ’ಯಂಥ ಪದಗಳನ್ನು ಆಡಿಸಿ ಕೇಳಿಸಿಕೊಂಡು, ಆಡಿದವರ ವಯಸ್ಸು ಮತ್ತು ಅಕ್ಷರಾಭ್ಯಾಸದ ವಿವರದೊಡನೆ ದಾಖಲಿಸುವುದು ಅಗತ್ಯ.

7. ಪಠ್ಯಸಂಪಾದನೆಯ ಪ್ರಶ್ನೆ

ಮೇಲಿನ ವಿವೇಚನೆಯ ಪ್ರಾಯೋಗಿಕ ಮಹತ್ವ ತಿಳಿಯುವುದು ಮೌಖಿಕ ಪಠ್ಯ ಅಚ್ಚಿಗೆ ಸಿದ್ಧವಾಗುವ ಹಂತದಲ್ಲಿ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾದ ಕಾಲಕ್ಕೆ ಸಂಗ್ರಾಹಕನ ಕಿವಿಯೂ ಲೇಖನಿಯೂ ಮುಖ್ಯ ಉಪಕರಣಗಳಾಗಿದ್ದವು. ಆ ಸಂಗ್ರಾಹಕರು ಆ ನುಡಿಯನ್ನೇ ಆಡಿ ಬೆಳೆದವರಾಗಿದ್ದರು. ತರುವಾಯದ ಕಾಲದಲ್ಲಿ ಸಂಗ್ರಾಹಕ, ಲಿಪಿಕಾರ, ಸಂಪಾದಕ ಬೇರೆ ಬೇರೆ ಪ್ರದೇಶಗಳವರಾಗಿರುವುದು ಸಾಧ್ಯ. ಆಗ ಆಡುರೂಪವನ್ನು ಗ್ರಂಥರೂಪಕ್ಕೆ ‘ತಿದ್ದುವ’ ಒಲವು ಸಹಜವಾಗಿಯೇ ಹುಟ್ಟುತ್ತದೆ. ಅದರ ಅಪಾಯವನ್ನು ಮೂರು ನಿದರ್ಶನಗಳಿಂದ ತೋರಿಸಬಹುದು.

ಮೊದಲನೆಯದು, ‘ಮಾಡ್ಯಾನ’. ಧಾರವಾಡ ಕನ್ನಡದಲ್ಲಿ ಇದರ ಅರ್ಥ ಮಾಡಿದ್ದಾನೆ. ಇದನ್ನು ಉಚ್ಚಾರದೋಷವೆಂದು ಭಾವಿಸಿ ಗ್ರಂಥಭಾಷೆಯ ‘ಮಾಡಿಯಾನು’ ಎಂದು ತಿದ್ದಿದರೆ ಅರ್ಥ ಮಾಡಿದರೂ ಮಾಡಬಹುದು ಎಂದಾಗುತ್ತದೆ. ‘ಬಂದಾನ’ ಎಂಬುದು ‘ಬಂದಾನು’ ಆದರೂ ಹೀಗೆಯೇ. ನಡೆದುಹೋದ ಘಟನೆ ಬರಿಯ ಸಂಭಾವನೆಯಾಗುತ್ತದೆ. ಲಾವಣಿಯ ವೀರ ಮಾಡಿದ ಸಾಹಸ ಮಾಡಬಹುದಾದ ಸಾಹಸವಾಗುತ್ತದೆ.

ಎರಡನೆಯದು, ‘ಉಣಲಾರದ’. ತಾಯಿಯೊಬ್ಬಳು ‘ಉಣಲಾರದ’ ಮಲಗಿದಳು ಎಂದು ಕಥೆಗಾರ್ತಿ ಹೇಳಿದಾಗ ಉಣ್ಣದೆ ಮಲಗಿದಳು ಎಂಬುದು ಸಾಮಾನ್ಯ ಅರ್ಥ. ಗ್ರಂಥಭಾಷೆಯ ಕಣ್ಣಿನಿಂದ ಓದಿದರೆ ಆಕೆ ರೋಗಿಷ್ಠೆ, ಉಣ್ಣಲು ಶಕ್ತಿಯಿಲ್ಲದವಳು ಎಂದಾಗುತ್ತದೆ. ಬಡತನದ ಕಥೆ ಕಾಯಿಲೆಯ ಕಥೆಯಾಗುತ್ತದೆ.

ಮೂರನೆಯದು, ‘ಬಿತ್ಯಾನ’ ಮತ್ತು ‘ಬಿತ್ತಿಸ್ಯಾನ’. ಆಡುವಾಗ ‘ಇಸ್’ ಎಂಬ ಅಂಶ ಒಂದು ಸಕಾರದ ಸದ್ದಿಗೆ ಇಳಿಯುತ್ತದೆ. ಧ್ವನಿಮುದ್ರಣವನ್ನು ಎಚ್ಚರವಿಲ್ಲದೆ ಕೇಳಿದರೆ ಅದು ಜಾರಿಹೋಗುತ್ತದೆ. ಹೊಲಮನೆಗಳ ಮೌಖಿಕ ಚರಿತ್ರೆಯಲ್ಲಿ, ಗೇಣಿದಾರ-ಒಡೆಯರ ನೆನಪುಗಳಲ್ಲಿ, ನೆಲವನ್ನು ಉತ್ತವನು ಯಾರು, ಉಳಿಸಿಕೊಂಡವನು ಯಾರು ಎಂಬುದೇ ನಿರ್ಣಾಯಕ ಪ್ರಶ್ನೆ. ಸಕಾರ ಜಾರಿದರೆ ಶ್ರಮದ ಸಾಕ್ಷ್ಯವೇ ಜಾರುತ್ತದೆ.

ಇದರಿಂದ ಕೆಲವು ಸೂತ್ರಗಳನ್ನು ಪಡೆಯಬಹುದು. ಪಠ್ಯವನ್ನು ಕೇಳಿದ ರೂಪದಲ್ಲಿಯೇ ಬರೆದು, ಅರ್ಥವಿವರಣೆಯನ್ನು ಪ್ರತ್ಯೇಕವಾಗಿ ಕೊಡಬೇಕು. ಕ್ರಿಯಾಪದದ ನಡುವಿನ ಸ್ವರ-ವ್ಯಂಜನಗಳ ಬಗೆಗೆ ಸಂದೇಹವಿದ್ದಲ್ಲಿ ಧ್ವನಿಮುದ್ರಣವನ್ನು ಆ ನುಡಿಯನ್ನಾಡುವವರ ಎದುರು ಮತ್ತೆ ಕೇಳಿಸಬೇಕು. ಧಾರವಾಡದ ಲೇಖಕರು ಎಳೆದಾಡುವ ಸ್ವರಕ್ಕೆ ಅವಗ್ರಹ ಚಿಹ್ನೆಯನ್ನು ಬಳಸಿದ ಪದ್ಧತಿಯಿದೆ. ‘ಅವನಽ ಬಂದಾನ’ ಎಂಬಲ್ಲಿ ಆ ಚಿಹ್ನೆ ಅವಧಾರಣೆಯನ್ನು, ಅಂದರೆ ಅವನೇ ಎಂಬ ಅರ್ಥವನ್ನು ಕಾಪಾಡುತ್ತದೆ. ಇಂಥ ಚಿಹ್ನೆಗಳನ್ನು ಅಚ್ಚಿನ ಅಂದಕ್ಕಾಗಿ ಕೈಬಿಡಬಾರದು. ಗ್ರಂಥಾಲಯಗಳು ಮುದ್ರಿತ ಸಂಕಲನದೊಡನೆ ಮೂಲ ಧ್ವನಿಮುದ್ರಣ ಮತ್ತು ತಿದ್ದದ ಹಸ್ತಪ್ರತಿಯನ್ನು ಒಟ್ಟಿಗೆ ಉಳಿಸಿದರೆ ಮುಂದಿನ ಸಂಶೋಧಕನು ಪಾಠವನ್ನು ಮರುಪರಿಶೀಲಿಸಲು ಸಾಧ್ಯವಾಗುತ್ತದೆ.

ಒಟ್ಟಿನಲ್ಲಿ, ಕನ್ನಡದಲ್ಲಿ ಧಾತುವನ್ನು ಸೀಳುವ ಮಧ್ಯಪ್ರತ್ಯಯವಿಲ್ಲ ಎಂಬ ಮಾತು ನಿಲ್ಲುತ್ತದೆ. ಆದರೆ ಧಾತುವಿಗೂ ಕೊನೆಯ ಪ್ರತ್ಯಯಕ್ಕೂ ನಡುವಿನ ಕಿರಿದಾದ ಜಾಗದಲ್ಲಿಯೇ ಕೊಡುವವನು ಪಡೆಯುವವನಾಗುತ್ತಾನೆ, ಮಾಡಿದ್ದು ಮಾಡದ್ದಾಗುತ್ತದೆ, ದುಡಿಯುವವನೂ ದುಡಿಸಿಕೊಳ್ಳುವವನೂ ಬೇರೆಯಾಗುತ್ತಾರೆ. ತಾರಿಹಾಳದಂಥ ಊರಿನ ಒಂದು ಕಥೆಯನ್ನೋ ನೆನಪನ್ನೋ ಬರಹಕ್ಕೆ ಇಳಿಸುವವರು ಮೊದಲು ಕಿವಿಗೊಡಬೇಕಾದುದು ಈ ಜಾಗಕ್ಕೆ.